ಸೂಳೆಕೆರೆಯ ಹೆಸರು ಹೊತ್ತು ಕೊಲಂಬೊಗೆ

ಹೊರಡುವ ಮೊದಲು, ಸಂತೇಬೆನ್ನೂರು

ತಪ್ಪು ನನ್ನದೇ. ಇದನ್ನು ಮೊದಲ ಸಾಲಿನಲ್ಲೇ ಹೇಳಿಬಿಡುತ್ತೇನೆ. ಕೊನೆಗೆ ಹೇಳಿದರೆ ನೀವು ನಂಬುವುದಿಲ್ಲ, ಇವನು ಯಾರದೋ ದನಿಯಲ್ಲಿ ಹೇಳುತ್ತಿದ್ದಾನೆ ಅಂದುಕೊಳ್ಳುತ್ತೀರಿ.

ನನ್ನ ಹೆಸರು ಕೊಟ್ರೇಶ. ಆಟೋಗೆ ಮೈಕು ಕಟ್ಟಿಕೊಂಡು ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಸುತ್ತ ಪ್ರಚಾರ ಮಾಡುವುದು ನನ್ನ ಕೆಲಸ. ಸೀರೆ ಅಂಗಡಿ, ಕಣ್ಣಿನ ಶಿಬಿರ, ಕಳೆದುಹೋದ ಎಮ್ಮೆ, ಎಲ್ಲದಕ್ಕೂ ಒಂದೇ ಉತ್ಸಾಹ. ಮಿಮಿಕ್ರಿ ನನ್ನ ಚಟ. ಹೊನ್ನಾಳಿ ಬಸ್ಸಿನ ಕಂಡಕ್ಟರು, ಮೂಗಿನಲ್ಲಿ ಪಾಠ ಮಾಡುತ್ತಿದ್ದ ನ್ಯಾಮತಿಯ ಹೆಡ್‌ಮಾಸ್ತರು, ಕೆಮ್ಮುತ್ತಲೇ ಬೈಯುವ ನಮ್ಮಪ್ಪ, ಎಲ್ಲರ ದನಿಯೂ ನನ್ನ ಗಂಟಲಲ್ಲಿ ಬಾಡಿಗೆಗಿವೆ. ನನ್ನದೇ ದನಿಯಲ್ಲಿ ಮಾತಾಡುವ ಅಭ್ಯಾಸ ಮಾತ್ರ ಸ್ವಲ್ಪ ಕಡಿಮೆ.

ಹಾಲಮ್ಮ ಚಿಗವ್ವ ನಮ್ಮವ್ವನ ಗೆಳತಿ. ಸೂಳೆಕೆರೆಯ ನಾಲೆ ಕೆಳಗೆ ಅವಳ ಗದ್ದೆ ಇದೆ. ನಾಲ್ಕು ವರ್ಷದಿಂದ ಫೋನಿನಲ್ಲಿ 'ಸೂಳೆಕೆರೆ ನೀರ ಸುದ್ದಿ' ಅಂತ ಒಂದು ಪುಟ ನಡೆಸುತ್ತಿದ್ದಳು. ಕೆರೆಯಲ್ಲಿ ನೀರೆಷ್ಟಿದೆ, ತೂಬು ಯಾವತ್ತು ಎತ್ತುತ್ತಾರೆ, ನಾಲೆಗೆ ಕದ್ದು ಪಂಪು ಇಟ್ಟವರು ಯಾರು, ಎಲ್ಲಾ ಫೋಟೋ ಸಮೇತ. ಮೇಲಿನ ಗದ್ದೆಯವರು ನೀರು ಎಳೆದುಕೊಂಡು, ನಾಲೆಯ ಕೊನೆಯ ಊರುಗಳಿಗೆ ಹನಿಯೂ ಹೋಗದಿದ್ದಾಗ ಮೊದಲು ಕೂಗುತ್ತಿದ್ದುದು ಆ ಪುಟವೇ. ಈ ವರ್ಷ ನೀರು ಬಳಕೆದಾರರ ಸಂಘದ ಚುನಾವಣೆಗೂ ನಿಂತಿದ್ದಳು.

ಅವಳನ್ನು ಕಿಚಾಯಿಸೋಣ ಅಂತ ನಾನು ಅವಳ ದನಿಯಲ್ಲಿ ಒಂದು ಆಡಿಯೋ ಮಾಡಿ ಊರಿನ ವಾಟ್ಸಪ್ ಗುಂಪಿಗೆ ಹಾಕಿದೆ. "ಕೊನೆ ಊರೋರಿಗೆ ನೀರು ಯಾಕ್ರೀ ಬೇಕು? ಮೋಡ ನೋಡ್ಕೊಂಡು ಕುಂದ್ರಾಕೆ ಹೇಳ್ರಿ. ನನ್ನ ಗದ್ದೆ ತುಂಬಿದ್ರೆ ಸಾಕು." ಅದರ ಕೊನೆಗೆ ನನ್ನ ದನಿ: "ಇದು ನಾನು, ಕೊಟ್ರ! ಚಿಗವ್ವ, ಹೊಡಿಬ್ಯಾಡ!" ಯಾವನೋ ಪುಣ್ಯಾತ್ಮ ಆ ಕೊನೆಯ ಭಾಗ ಕತ್ತರಿಸಿ ಮುಂದಕ್ಕೆ ಕಳಿಸಿದ. ಸಂಜೆಯ ಹೊತ್ತಿಗೆ ಅದು ನಾಲೆಯ ನೀರಿಗಿಂತ ವೇಗವಾಗಿ ಕೊನೆಯ ಊರು ಮುಟ್ಟಿತ್ತು. ಪುಟದ ಕೆಳಗೆ ಬೈಗುಳ ಶುರುವಾಯಿತು. ಎಲ್ಲದಕ್ಕಿಂತ ಹೆಚ್ಚು ಸಲ ಬಂದದ್ದು ಒಂದೇ: "ಮೂರೂ ಬಿಟ್ಟೋಳು."

ನಾನು ಕೊನೆಯ ಊರಿಗೆ ಹೋಗಿ, ಅರಳಿಕಟ್ಟೆ ಹತ್ತಿ, ಆ ದನಿ ನನ್ನದು ಅಂತ ಒಪ್ಪಿಕೊಂಡೆ. ಒಬ್ಬ ಹಿರಿಯರು ತಲೆ ಅಲ್ಲಾಡಿಸಿ ನಕ್ಕರು. "ಭಾರಿ ಚೆನ್ನಾಗಿ ಮಾಡ್ತೀಯಪ್ಪ. ಆ ಕೊಟ್ರೇಶನ ದನಿ ಥೇಟ್ ಹಂಗೇ ಐತೆ."

ಹಾಲಮ್ಮ ಚಿಗವ್ವ ತನ್ನ ಪುಟದಲ್ಲೇ ಉತ್ತರ ಕೊಡಲು ಕೂತಳು. ಪುಟವೇ ಇಲ್ಲ. ಅದರ ಜಾಗದಲ್ಲಿ ಒಂದು ಒಕ್ಕಣೆ: ಈ ಪುಟವು ಅಸಭ್ಯ ಭಾಷೆಯನ್ನು ಬಳಸಿ ನಮ್ಮ ಸಮುದಾಯದ ಮಾನದಂಡಗಳನ್ನು ಉಲ್ಲಂಘಿಸಿದೆ.

"ಯಾವ ಸಮುದಾಯನೋ?" ಅಂದಳು. "ನಮ್ಮ ಸಮುದಾಯ ಭವನದೋರಾ? ಅವರಿಗೇನು ಮಾಡಿದ್ದೆ ನಾನು?"

ಎರಡು ಸಲ ಮನವಿ ಕಳಿಸಿದೆವು. ಎರಡು ಸಲವೂ ಕಣ್ಣು ಮಿಟುಕಿಸುವುದರೊಳಗೆ ಅದೇ ಉತ್ತರ. ಅಷ್ಟು ಬೇಗ ಓದುವ ಮನುಷ್ಯ ಭೂಮಿಯ ಮೇಲಿಲ್ಲ. ಆಮೇಲೆ ಗೊತ್ತಾಯಿತು, ಓದಿದ್ದು ಯಂತ್ರ. ಅದಕ್ಕೆ ಕೆರೆ ಕಂಡಿರಲಿಲ್ಲ, ಕೆರೆಯ ಹೆಸರಿನ ಮೊದಲ ಎರಡು ಅಕ್ಷರ ಕಂಡಿತ್ತು. ಯಾರೋ ಹಗೆಯವರು ದೂರು ಒತ್ತಿರಬೇಕು, ಯಂತ್ರ ಬಂದು ನೋಡಿ ಬೆಚ್ಚಿಬಿದ್ದಿತ್ತು. "ಮೂರೂ ಬಿಟ್ಟೋಳು" ಅನ್ನುವುದರ ಮೇಲೆ ನಾವು ಕೊಟ್ಟ ದೂರಿಗೆ ಬಂದ ಉತ್ತರ ಇನ್ನೂ ಚೆಂದ: ಇದರಲ್ಲಿ ಯಾವುದೇ ಆಕ್ಷೇಪಾರ್ಹ ಪದವಿಲ್ಲ. ನಿಜವೇ. 'ಮೂರು' ಲೆಕ್ಕದ ಪುಸ್ತಕದಲ್ಲಿದೆ, 'ಬಿಡು' ವ್ಯಾಕರಣದ ಪುಸ್ತಕದಲ್ಲಿದೆ.

ಹೀಗೆ ಅವಳಿಗೆ ಮಾತಾಡಲು ಜಾಗವಿಲ್ಲ, ಅವಳ ದನಿ ಮಾತ್ರ ಊರೂರು ತಿರುಗುತ್ತಿದೆ. ಅಷ್ಟರಲ್ಲಿ ಅವಳ ಪುಟವನ್ನು ಮೊದಲಿನಿಂದ ನೋಡುತ್ತಿದ್ದ ಯಾವುದೋ ಸಂಸ್ಥೆಯವರು ಕರೆದರು. ಕೊಲಂಬೊದಲ್ಲಿ ಸಭೆ, ಫೋನು ಬಳಸುವವರ ಹಕ್ಕಿನ ಬಗ್ಗೆ. ದೊಡ್ಡ ಕಂಪನಿಯ ಮನುಷ್ಯನೂ ಬರುತ್ತಾನೆ. ನಿಮ್ಮ ಮಾತು ಇಂಗ್ಲಿಷಿಗೆ ತಿರುಗಿಸಲು ಒಬ್ಬರನ್ನು ಕರೆತನ್ನಿ. ಚಿಗವ್ವ ನೇರ ನಮ್ಮ ಮನೆಗೆ ಬಂದಳು.

"ಲೇ ಕೊಟ್ರ, ಬಟ್ಟೆ ತುಂಬ್ಕೋ."

"ನನ್ನ ಇಂಗ್ಲಿಷ್ ಡಿಗ್ರಿಯಲ್ಲೇ ಉಳ್ಕೊಂಡೈತೆ ಚಿಗವ್ವ. ಬೇರೆ ಯಾರನ್ನಾದ್ರೂ..."

"ಇಂಗ್ಲಿಷಿಗೆ ಯಾರು ಕರೆದ್ರು ನಿನ್ನ? ಕಳ್ಳತನ ಆದ್ರೆ ಮಾಲು ತೋರಿಸ್ಬೇಕು. ನನ್ನ ದನಿ ನಿನ್ನ ಹತ್ರ ಐತೆ. ಮಾಲು ನೀನು."

ಬೆಂಗಳೂರು, ವಿಮಾನ ನಿಲ್ದಾಣ

ನಾವಿಬ್ಬರೂ ಮೊದಲ ಸಲ ವಿಮಾನ ಹತ್ತುವವರು. ಚಿಗವ್ವ ಹೆದರಿದ್ದು ವಿಮಾನಕ್ಕಲ್ಲ, ಬಾಗಿಲು ತಾನಾಗಿ ತೆಗೆದುಕೊಳ್ಳುವುದಕ್ಕೆ. "ಕರೀದೇ ಬಾಗ್ಲು ತೆಗೆಯೋ ಮನೆಗೆ ಹೋಗಬಾರ್ದು" ಅಂದಳು.

ತಪಾಸಣೆಯಲ್ಲಿ ಅವಳ ಎಲೆಅಡಿಕೆ ಚೀಲ ಸಿಕ್ಕಿಬಿತ್ತು. ಅದರೊಳಗೆ ಹಿತ್ತಾಳೆಯ ಸುಣ್ಣದ ಡಬ್ಬಿ. ಸಮವಸ್ತ್ರದ ಹುಡುಗಿ ಅದನ್ನು ಎತ್ತಿ ಹಿಡಿದು ಹಿಂದಿಯಲ್ಲಿ ಏನೋ ಕೇಳಿದಳು. ಚಿಗವ್ವ ಇಡೀ ಸಾಲಿಗೆ ಕೇಳುವಂತೆ ಅಂದಳು: "ಸುಣ್ಣ ಕಣವ್ವ. ಬಾಂಬ್ ಅಲ್ಲ!"

ಎಲ್ಲಿದ್ದರೋ, ನಾಲ್ಕು ಜನ ಬಂದರು. ನಮ್ಮನ್ನು ಪಕ್ಕಕ್ಕೆ ಕರೆದು ನಿಲ್ಲಿಸಿದರು. ನಾನು ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ "ಲೈಮ್, ಲೈಮ್" ಅಂದೆ. ಅವರು ನಿಂಬೆಹಣ್ಣು ಎಲ್ಲಿ ಅಂತ ಹುಡುಕತೊಡಗಿದರು. ಆಗ ಹಿಂದಿನಿಂದ ಒಬ್ಬ ದಪ್ಪ ಮೀಸೆಯ ಅಧಿಕಾರಿ ಬಂದು ಕೇಳಿದ, "ಯಾವೂರವ್ವ ನಿಮ್ದು?"

"ಸಂತೇಬೆನ್ನೂರು ಕಡೆ."

"ನಂದು ಜಗಳೂರು." ಡಬ್ಬಿ ತೆಗೆದು ಮೂಸಿ ನೋಡಿ, ಉಳಿದವರ ಕಡೆ ತಿರುಗಿ ಏನೋ ಹೇಳಿದ. ಎಲ್ಲರೂ ಹೋದರು. ನಮಗೆ ಅಂದ: "ಬಾಂಬ್ ಅಂದಿದ್ದು ಅವರಿಗೆ ಕೇಳ್ಸ್ತು. ಅಲ್ಲ ಅಂದಿದ್ದು ನನಗೆ ಕೇಳ್ಸ್ತು. ಅಷ್ಟೇ ಕಣ್ರಿ. ಇನ್ಮೇಲೆ ಬರೇ ಸುಣ್ಣ ಅನ್ರಿ."

ವಿಮಾನ ಮೇಲೇರುವಾಗ ನಾನು ಕಣ್ಣು ಮುಚ್ಚಿ ಎಲ್ಲಾ ದೇವರ ಹೆಸರು ಹೇಳುತ್ತಿದ್ದೆ. ಚಿಗವ್ವ ಕಿಟಕಿಯ ಕಡೆ ನೋಡುತ್ತಾ ಬೇರೇನೋ ಯೋಚಿಸುತ್ತಿದ್ದಳು. "ಆ ಜಗಳೂರು ಮನುಷ್ಯ ಇವತ್ತು ರಜೆ ಹಾಕಿದ್ರೆ?" ಅಂದಳು. ಬಹಳ ಹೊತ್ತು ಅದೇ ಪ್ರಶ್ನೆ ನನ್ನ ತಲೆಯಲ್ಲೂ ಸುತ್ತಿತು. ನಮ್ಮ ಪುಟದ ಬಾಗಿಲಲ್ಲಿ ಅಂಥವನೊಬ್ಬ ಇರಲಿಲ್ಲ, ಅಷ್ಟೇ ತಾನೆ ಆದದ್ದು?

ಕೊಲಂಬೊ, ಮೊದಲ ದಿನ

ವಲಸೆ ಕೌಂಟರಿನಲ್ಲಿ ಯಾಕೆ ಬಂದಿರಿ ಅಂತ ಕೇಳಿದರು. ಸತ್ಯವನ್ನೇ ಹೇಳು ಅಂತ ಚಿಗವ್ವ ಮೊದಲೇ ತಾಕೀತು ಮಾಡಿದ್ದಳು. ನಾನು ಎದೆಯುಬ್ಬಿಸಿ "ಐ ಆಮ್ ಎವಿಡೆನ್ಸ್" ಅಂದೆ. ಆ ಅಧಿಕಾರಿ ಪಕ್ಕದವನನ್ನು ಕರೆದ, ಪಕ್ಕದವನು ಮೇಲಿನವನನ್ನು ಕರೆದ. ಕೊನೆಗೆ ಸಭೆಯ ಆಮಂತ್ರಣ ಪತ್ರ ತೋರಿಸಿ ಪಾರಾದೆ.

ಹೊರಗೆ ಬಂದರೆ ನನಗೊಂದು ಭ್ರಮೆ ಹಿಡಿಯಿತು. ಅಂಗಡಿಗಳ ಮೇಲೆಲ್ಲಾ ಗುಂಡು ಗುಂಡಾದ ಅಕ್ಷರ. ದೂರದಿಂದ ಥೇಟ್ ಕನ್ನಡ. ಇದೊಂದು ಅಕ್ಷರ ಗೊತ್ತು, ಅದೊಂದು ಗೊತ್ತು ಅನ್ನಿಸುತ್ತದೆ, ಹತ್ತಿರ ಹೋದರೆ ಒಂದೂ ಗೊತ್ತಿಲ್ಲ. ಮದುವೆಮನೆಯಲ್ಲಿ ಹಿಂದಿನಿಂದ ನೋಡಿ ಮಾವ ಅಂತ ಬೆನ್ನು ತಟ್ಟಿದರೆ, ತಿರುಗಿದವನು ಯಾರೋ ಆಗಿರುತ್ತಾನಲ್ಲ, ಹಾಗೆ. ಓದಲು ಬರುತ್ತದೆ ಅನ್ನುವ ಆ ಧೈರ್ಯದಲ್ಲೇ ಬಸ್ಸು ಹತ್ತಿಸಿ, ಚಿಗವ್ವನನ್ನು ಸಮುದ್ರದ ಕಡೆ ಹೋಗುವ ಬದಲು ಊರಾಚೆಯ ಒಂದು ಡಿಪೋಗೆ ಮುಟ್ಟಿಸಿದೆ.

ಅಲ್ಲಿಂದ ಆಟೋ. ಡ್ರೈವರು ನನ್ನನ್ನು ಪ್ರೀತಿಯಿಂದ "ಮಲ್ಲಿ, ಮಲ್ಲಿ" ಅನ್ನತೊಡಗಿದ. ನಾನು ಮೀಸೆ ಮುಟ್ಟಿ ನೋಡಿಕೊಂಡೆ. ಚಿಗವ್ವನನ್ನು "ಅಕ್ಕಾ" ಅಂದ. "ನಿನ್ನನ್ನೇ ಹೆಣ್ಣು ಮಾಡಿದ, ನನ್ನನ್ನ ಸರಿಯಾಗೇ ಕರೆದ" ಅಂತ ಅವಳಿಗೆ ಖುಷಿ. ಸಭೆ ನಡೆಸುತ್ತಿದ್ದ ನಿಲೂಕಾ ಅನ್ನುವ ಹೆಣ್ಣುಮಗಳು ಆಮೇಲೆ ನಕ್ಕು ನಕ್ಕು ಹೇಳಿದಳು: ಅವರ ಸಿಂಹಳದಲ್ಲಿ ಮಲ್ಲಿ ಅಂದರೆ ತಮ್ಮ, ಅಕ್ಕ ಅಂದರೆ ಅಕ್ಕನೇ. ಅಂದಿನಿಂದ ಊರಿಗೆ ಮರಳುವವರೆಗೆ ಚಿಗವ್ವ ನನ್ನನ್ನು ಕೊಟ್ರ ಅನ್ನಲೇ ಇಲ್ಲ. "ಮಲ್ಲಿ, ನೀರು ತಾ. ಮಲ್ಲಿ, ಹೂವು ಮುಡ್ಕೊಂಡೇನವ್ವ?"

ಮಧ್ಯಾಹ್ನದ ಸಭೆಯಲ್ಲಿ ಬೇರೆ ಬೇರೆ ದೇಶದವರು ತಮ್ಮ ಕಥೆ ಹೇಳಿದರು, ನಾವೂ ನಮ್ಮದನ್ನು ಚುಟುಕಾಗಿ ಹೇಳಿದೆವು. ಯಾವುದೋ ಸುಳ್ಳು ಸಂದೇಶದಿಂದ ಅಂಗಡಿ ಸುಟ್ಟುಹೋದವನಿದ್ದ. ತನ್ನ ಮುಖವನ್ನು ಇನ್ಯಾರದೋ ಮೈಗೆ ಅಂಟಿಸಿದ ಚಿತ್ರ ಊರೆಲ್ಲಾ ಹರಡಿ, ಪಾಠ ಮಾಡಲು ಶಾಲೆಗೆ ಹೋಗಲಾರದೆ ಕೂತ ಮೇಷ್ಟ್ರಮ್ಮ ಇದ್ದಳು. ನನಗೆ ರಕ್ತ ಕುದಿಯಿತು. ಎದ್ದು ನಿಂತು, ಭಾಷಣಕಾರನೊಬ್ಬನ ದನಿ ತಂದುಕೊಂಡು, ಸುಳ್ಳು ಆಡಿಯೋ ಮಾಡುವವರನ್ನೆಲ್ಲ ಹಿಡಿದು ಜೈಲಿಗೆ ಹಾಕುವ ಕಾನೂನು ಬೇಕು ಅಂತ ಗುಡುಗಿದೆ.

ನಿಲೂಕಾ ಬಹಳ ವಿನಯದಿಂದ ಕೇಳಿದಳು: "ಒಳ್ಳೆಯದು. ನಿಮ್ಮಿಂದಲೇ ಶುರು ಮಾಡೋಣವೇ?"

ಸಭೆ ಬಿದ್ದು ಬಿದ್ದು ನಕ್ಕಿತು. ಭಾಷಾಂತರ ಬೇಕಿಲ್ಲದೆ ಚಿಗವ್ವನೂ ನಕ್ಕಳು. ನಗು ನಿಂತ ಮೇಲೆ ನಿಲೂಕಾ ಮೆಲ್ಲಗೆ ಹೇಳಿದ ಮಾತು ಮಾತ್ರ ನಗುವಂಥದ್ದಲ್ಲ. "ಸುಳ್ಳು ಹಿಡಿಯುವ ಅಧಿಕಾರವನ್ನು ಒಬ್ಬರ ಕೈಗೇ ಕೊಟ್ಟರೆ, ಅವರು ಮೊದಲು ಹುಡುಕುವುದು ತಮ್ಮ ಬಗ್ಗೆ ಯಾರೋ ಆಡಿದ ನಿಜವನ್ನು. ನಾನು ಎರಡಕ್ಕೂ ಹೆದರುತ್ತೇನೆ. ಕಾನೂನೇ ಇಲ್ಲದ ಬಯಲಿಗೂ, ಕಾನೂನಿನ ಹೆಸರಿನ ಬೇಲಿಗೂ."

ನಾನು ಕೂತೆ. ನಮ್ಮೂರಲ್ಲಿ ಅಂಥ ಕಾನೂನು ಇದ್ದಿದ್ದರೆ ಕಳ್ಳಪಂಪಿನ ಫೋಟೋ ಹಾಕಿದ ಚಿಗವ್ವ ಮೊದಲು ಒಳಗೆ ಹೋಗುತ್ತಿದ್ದಳು. ಕಾನೂನೇ ಇಲ್ಲದಿದ್ದರೆ? ಅದರ ಫಲ ನನ್ನ ಪಕ್ಕದಲ್ಲೇ ಕೂತು ಎಲೆಗೆ ಸುಣ್ಣ ಹಚ್ಚುತ್ತಿತ್ತು.

ಕುರುನೇಗಲದ ದಾರಿಯ ಕೆರೆ

ಎರಡನೇ ದಿನ ಸಭೆಗೆ ಬಿಡುವು. ನಮ್ಮನ್ನೆಲ್ಲ ಸಮುದ್ರ ನೋಡಲು ಕರೆದೊಯ್ಯುವ ಏರ್ಪಾಡಾಗಿತ್ತು. ಚಿಗವ್ವ ಒಲ್ಲೆ ಅಂದಳು. "ಕುಡಿಯಾಕೆ ಬರಲ್ಲ, ಬೆಳೆಯಾಕೆ ಬರಲ್ಲ, ಅಷ್ಟು ನೀರು ನೋಡಿ ಹೊಟ್ಟೆ ಉರ್ಕೊಳ್ಳಾಕಾ? ಇವರ ಕೆರೆ ಎಲ್ಲಿ ಐತೆ ಕೇಳು."

ನಿಲೂಕಾ ನಮ್ಮಿಬ್ಬರನ್ನು ಕುರುನೇಗಲದ ಕಡೆ ತನ್ನ ತವರಿನ ಹತ್ತಿರದ ಕೆರೆಗೆ ಕರೆದೊಯ್ದಳು. ಏರಿ ಹತ್ತಿದ ಕೂಡಲೇ ಚಿಗವ್ವನ ನಡಿಗೆಯೇ ಬದಲಾಯಿತು. ಎರಡು ದಿನದಿಂದ ನನ್ನ ತೋಳು ಹಿಡಿದು ನಡೆಯುತ್ತಿದ್ದವಳು ಕೈ ಬಿಟ್ಟು ಮುಂದೆ ಮುಂದೆ ಹೋದಳು. ಏರಿಯ ಮಣ್ಣು ತುಳಿದು ನೋಡಿದಳು. ಕೆಳಗೆ ಹಸಿರು ಗದ್ದೆ, ಮೇಲೆ ಬೆಳ್ಳಕ್ಕಿ. ನೀರೇನೋ ನಮ್ಮ ಸೂಳೆಕೆರೆಯ ಒಂದು ಮೂಲೆಗೆ ಸಾಲದು, ಆದರೆ ಅಂಚಿಗೆ ಪ್ಲಾಸ್ಟಿಕ್ ಇರಲಿಲ್ಲ. ಅದನ್ನು ನಾನು ಗಮನಿಸಿ ಸುಮ್ಮನಾದೆ. ಅವಳು ಗಮನಿಸಿ ಗಟ್ಟಿಯಾಗಿ ಹೇಳಿದಳು.

ಅಲ್ಲಿ ಲುಂಗಿಯುಟ್ಟ ಒಬ್ಬ ಅಜ್ಜ ತೂಬಿನ ಹತ್ತಿರ ಕೂತಿದ್ದ. ನೀರು ಹಂಚುವವನು. ಅಂಥವರಿಗೆ ಅಲ್ಲಿ ವೆಲ್ ವಿದಾನೆ ಅನ್ನುತ್ತಾರೆ, ನಮ್ಮ ನೀರುಗಂಟಿಯೇ. ಅವನು ಸಿಂಹಳದಲ್ಲಿ ಹೇಳಿದ್ದನ್ನು ನಿಲೂಕಾ ಇಂಗ್ಲಿಷಿಗೆ, ನಾನು ಕನ್ನಡಕ್ಕೆ ತರುವಷ್ಟರಲ್ಲಿ ಅವರಿಬ್ಬರೂ ಕೈಸನ್ನೆಯಲ್ಲೇ ಮುಂದಿನ ಮಾತಿಗೆ ಹೋಗಿರುತ್ತಿದ್ದರು. ಅವನು ತೂಬು ತೋರಿಸಿ "ಸೊರೊವ್ವ" ಅಂದ.

"ಏನಂದ? ಸರೋವ್ವ? ಅಯ್ಯೋ, ನಮ್ಮ ಓಣಿಯಾಗೆ ಆ ಹೆಸರಿನ ಮುದುಕಿ ಅದಾಳೆ. ಅವಳೂ ಹಿಂಗೇ, ಒಮ್ಮೆ ಬಾಯಿ ತೆಗೆದ್ರೆ ಮುಚ್ಚಾಕೆ ನಾಲ್ಕು ಜನ ಬೇಕು!"

ಅಜ್ಜನಿಗೆ ನಾನು ಇದನ್ನು ಹೇಗೆ ಹೇಳಲಿ? ಸರೋವ್ವಜ್ಜಿ ಕೂಗುವುದನ್ನೇ ಮಾಡಿ ತೋರಿಸಿದೆ. ಅವನು ತೊಡೆ ತಟ್ಟಿಕೊಂಡು ನಕ್ಕ. ಅಂಥ ಮುದುಕಿ ಅವನ ಓಣಿಯಲ್ಲೂ ಇರಬೇಕು.

ಹೊರಡುವಾಗ ಚಿಗವ್ವ ಒಂದು ಪ್ರಶ್ನೆ ಕೇಳಿಸಿದಳು: ನೀರು ತಪ್ಪು ಹಂಚಿದರೆ ನಿನ್ನನ್ನು ಯಾರು ಕೇಳುತ್ತಾರೆ? ಅಜ್ಜ ದೂರದ ಒಂದು ಹೆಂಚಿನ ಮನೆ ತೋರಿಸಿದ. ಅದು ಅವನ ಮನೆ. ಊರವರೆಲ್ಲ ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಲ್ಲುತ್ತಾರೆ, ಹೆಂಡತಿ ಅವರ ಪಕ್ಷವೇ ವಹಿಸುತ್ತಾಳೆ ಅಂದ.

ವಾಪಸು ಬರುವ ವ್ಯಾನಿನಲ್ಲಿ ಅವಳು ನಿಲೂಕಾಗೆ ಹೇಳು ಅಂತ ನನ್ನ ಮೊಣಕಾಲು ತಿವಿದಳು. "ನೀರುಗಂಟಿ ಬ್ಯಾಡ ಅಂತ ನಾನು ಹೇಳಲ್ಲ. ಅವನಿಲ್ದಿದ್ರೆ ಬಲ ಇದ್ದೋನು ಎಲ್ಲಾ ಎಳ್ಕೊಂಡ್ಬಿಡ್ತಾನೆ. ಆದ್ರೆ ಅವನ ಮನೆ ಬಾಗ್ಲು ಎಲ್ಲೈತೆ ಅಂತ ನಮಗೆ ಗೊತ್ತಿರಬೇಕು. ಈ ಫೋನಿನ ನೀರುಗಂಟಿ ಮನೆ ಎಲ್ಲೈತೆ? ಯಾರ ಬಾಗ್ಲು ಬಡೀಲಿ ನಾನು?"

ನಿಲೂಕಾ ಪುಸ್ತಕ ತೆಗೆದು ಬರೆದುಕೊಂಡಳು. ಹಿಂದಿನ ದಿನ ಸಭೆಯಲ್ಲಿ ದೊಡ್ಡ ದೊಡ್ಡವರು ಮಾತಾಡುವಾಗ ಅವಳು ಪೆನ್ನು ತೆಗೆದದ್ದನ್ನು ನಾನು ನೋಡಿರಲಿಲ್ಲ.

ಕೊಲಂಬೊ, ಕೊನೆಯ ದಿನ

ಕೊನೆಗೂ ಒಂದು ಬಾಗಿಲು ಸಿಕ್ಕಿತು. ಕಂಪನಿಯ ಮನುಷ್ಯ ಬಂದಿದ್ದ. ನಾನು ಕೊಂಬಿರುವವನು ಬರುತ್ತಾನೆ ಅಂದುಕೊಂಡಿದ್ದೆ. ಬಂದವನು ನಿದ್ದೆಗೆಟ್ಟ ಕಣ್ಣಿನ, ಒಳ್ಳೆಯ ಮಾತಿನ ಮನುಷ್ಯ. ಎಲ್ಲರ ದೂರನ್ನೂ ತಲೆ ತಗ್ಗಿಸಿ ಕೇಳುತ್ತಿದ್ದ. ನಮ್ಮ ಸರದಿ ಬಂತು.

ನಾನು ಮೊದಲು ಆಡಿಯೋ ಕೇಳಿಸಿದೆ. ಆಮೇಲೆ ಅಲ್ಲೇ ನಿಂತು ಚಿಗವ್ವನ ದನಿಯಲ್ಲಿ ಅದೇ ಮಾತು ಆಡಿ ತೋರಿಸಿದೆ. ಸಭೆ ಚಪ್ಪಾಳೆ ತಟ್ಟಿತು. ಕಲಾವಿದನ ಜೀವ, ಬಾಗಿ ನಮಸ್ಕಾರ ಮಾಡಿಬಿಟ್ಟೆ. ಚಿಗವ್ವ ಸೊಂಟಕ್ಕೆ ಚಿವುಟಿದಳು.

ಬೈಗುಳದ ಪಟ್ಟಿ ತೋರಿಸಿದಾಗ ಅವನು ಕೇಳಿದ, "ಮೂರೂ ಬಿಟ್ಟವಳು ಅಂದರೆ? ಯಾವ ಮೂರು?"

"ಮಾನ, ಮರ್ಯಾದೆ, ನಾಚಿಕೆ" ಅಂದೆ. "ನಮ್ಮ ಕಡೆ ಆ ಮೂರನ್ನು ಯಾರೂ ಹೆಸರಿಟ್ಟು ಹೇಳುವುದಿಲ್ಲ. ಹೇಳದೆಯೇ ಗೊತ್ತಾಗುತ್ತದೆ. ಇದನ್ನು ಓದಿದ ಮೇಲೆ ಇವಳು ಎಂಟು ದಿನ ಹಾಲಿನ ಡೈರಿಗೆ ಹೋಗಲಿಲ್ಲ." ಆ ಎಂಟು ದಿನ ಹಾಲು ಹಾಕಲು ಹೋಗಿದ್ದವನು ನಾನು. ಅದನ್ನು ಮಾತ್ರ ಹೇಳಲಿಲ್ಲ.

ನಂತರ ಕೆರೆಯ ಹೆಸರು. ಅಷ್ಟು ಜನರ ಮುಂದೆ ಆ ಮೊದಲ ಎರಡು ಅಕ್ಷರದ ಅರ್ಥವನ್ನು ಇಂಗ್ಲಿಷಿನಲ್ಲಿ ಹೇಳಬೇಕು. ನಾನು ತಡವರಿಸಿದೆ, ಕೆಮ್ಮಿದೆ, ಕೊನೆಗೆ ಹೇಳಿದೆ. ಅವನು ಫೋನಿನಲ್ಲಿ ಮ್ಯಾಪು ತೆಗೆದು ಹುಡುಕಿದ. ಮುಖ ಅರಳಿತು.

"ಇಲ್ಲಿ ಈ ಕೆರೆಗೆ ಇನ್ನೊಂದು ಹೆಸರಿದೆಯಲ್ಲ! ಶಾಂತಿಸಾಗರ. ಪುಟಕ್ಕೆ ಆ ಹೆಸರು ಕೊಡಿ. ಈಗ, ಇಲ್ಲೇ, ನಿಮ್ಮ ಮುಂದೆಯೇ ತೆರೆಸಿಕೊಡುತ್ತೇನೆ."

"ಹಳೆಯ ಹೆಸರೇ ಬೇಕು ಅಂದರೆ?"

"ನಿಯಮ ಬದಲಾಗಬೇಕು. ಕನ್ನಡ ಬಲ್ಲವರು ಕೂತು ನೋಡಬೇಕು. ಎಷ್ಟು ದಿನವೋ, ಹೇಳಲಾರೆ. ಮಾತು ಕೊಡಲೂ ಆರೆ."

ಚುನಾವಣೆಗೆ ಉಳಿದಿದ್ದದ್ದು ಮೂರೇ ವಾರ. ನನಗಂತೂ ಕುಣಿಯುವಂತಾಯಿತು. ಸರ್ಕಾರಿ ಬೋರ್ಡಿನಲ್ಲೂ ಶಾಂತಿಸಾಗರ ಅಂತಲೇ ಇದೆ, ಸುಳ್ಳೇನೂ ಅಲ್ಲ. "ಒಪ್ಕೋ ಚಿಗವ್ವ" ಅಂತ ಕಿವಿಯಲ್ಲಿ ಹೇಳಿದೆ. "ಇವತ್ತೇ ಪುಟ ಬರ್ತೈತೆ. ನಾನು ಮಾಡಿದ್ದು ತೊಳೆದು ಹೋಗ್ತೈತೆ." ಅವಸರ ಅವಳದಲ್ಲ, ನನ್ನದು ಅಂತ ಆ ಮಾತು ಬಾಯಿಂದ ಹೊರಟ ಮೇಲೆ ನನಗೇ ಹೊಳೆಯಿತು.

ಅವಳು ನನ್ನ ಕಡೆ ನೋಡಲಿಲ್ಲ. ಅವನ ಕಡೆ ನೋಡಿ, ಸಮಾಧಾನವಾಗಿ, ಎರಡೇ ಮಾತು ಆಡಿದಳು. ಅವಳ ದನಿ ತಂದುಕೊಂಡೇ ಅದನ್ನು ಇಂಗ್ಲಿಷಿನಲ್ಲಿ ಹೇಳೋಣ ಅಂತ ಗಂಟಲು ಸರಿಮಾಡಿಕೊಂಡೆ. ಯಾಕೋ ಆಗಲಿಲ್ಲ. ನನ್ನ ದನಿಯಲ್ಲೇ, ನನ್ನ ಹರಕು ಇಂಗ್ಲಿಷಿನಲ್ಲೇ ಹೇಳಿದೆ.

ಅವನು ಫೋನು ಕೆಳಗಿಟ್ಟ. ಇನ್ನೊಂದು ಸಲ ಹೇಳಿ ಅಂದ. ಹೇಳಿದೆ. ಶಾಂತಿಸಾಗರದ ಮಾತು ಮತ್ತೆ ಎತ್ತಲಿಲ್ಲ. ಚುನಾವಣೆಗೆ ನಾಲ್ಕು ದಿನ ಇರುವಾಗ ಪುಟ ತಾನಾಗಿ ತೆರೆದುಕೊಂಡಿತು, ಹಳೆಯ ಹೆಸರಿನಲ್ಲೇ. ಚಿಗವ್ವ ಮೊದಲು ಹಾಕಿದ್ದು ನನ್ನ ಪೂರ್ತಿ ಆಡಿಯೋ, "ಹೊಡಿಬ್ಯಾಡ" ಸಮೇತ. ಎರಡನೆಯದು ಕೆರೆಯ ನೀರಿನ ಮಟ್ಟ. ಅವಳು ಗೆದ್ದಳು, ಅಷ್ಟೇನೂ ದೊಡ್ಡ ಅಂತರವಲ್ಲ. ಕೊನೆಯ ಊರಿನ ಕೆಲವರು ಇವತ್ತಿಗೂ ನಂಬಿಲ್ಲ. ಕನ್ನಡ ಓದಿ ತೀರ್ಮಾನಿಸುವ ಮನುಷ್ಯರನ್ನು ಅಲ್ಲಿ ಕೂರಿಸಿದರೋ, ಅಥವಾ ನಮ್ಮ ಒಂದು ಪುಟಕ್ಕೆ ಮಾತ್ರ ಬಾಗಿಲು ತೆಗೆದರೋ, ಗೊತ್ತಿಲ್ಲ. ನಿಲೂಕಾ ಕೇಳುತ್ತಲೇ ಇದ್ದಾಳೆ.

ಆದರೆ ಹೆಸರಿನ ವಿಷಯ ಆ ದಿನ ಆ ಕೋಣೆಯಲ್ಲೇ ಮುಗಿದಿತ್ತು. ಚಿಗವ್ವ ಹೇಳಿದ್ದು, ಒಂದಕ್ಷರವೂ ಬದಲಿಸದೆ, ಇದು:

"ಊರಿಗೊಂದು ಕೆರೆ ಆಗ್ಲಿ ಅಂತ ಆ ಹೆಣ್ಮಕ್ಳು ಇದ್ದ ಜಾಗ ಎಲ್ಲಾ ಬಿಟ್ಕೊಟ್ರಂತೆ, ಬದ್ಲಿಗೆ ತಮ್ಮ ಹೆಸರೊಂದು ಇಡ್ರಿ ಅಂದ್ರಂತೆ. ಅದನ್ನೂ ಅಳ್ಸು ಅಂತೀರಲ್ಲ ಸ್ವಾಮಿ, ನೀವೆಷ್ಟು ಎಕ್ರೆ ಕೊಟ್ಟೀರಿ?"